ವೇಕ್‌ಬೋರ್ಡ್ ಕಲಿಸೋದು ಹೇಗೆ? ಎಂಟು ಜನ ನೀರಿಗಿಳಿದರು, ಒಬ್ಬರೂ ಎದ್ದು ನಿಲ್ಲಲಿಲ್ಲ

ನೀರುಕೋಳಿ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವನು, ಬೆಳಗಿನ ಹೊತ್ತು ಮಕ್ಕಳಿಗೆ ಈಜು ಕಲಿಸುತ್ತೇನೆ. ಊರ ಹೊರಗಿನ ಒಂದು ಕೆರೆಯಲ್ಲಿ ಬೋಟು ಓಡಿಸಲು ಅನುಮತಿ ಪಡೆದ ಸ್ನೇಹಿತರೊಬ್ಬರಿದ್ದಾರೆ. ಅವರ ಭಾವ ದುಬೈನಿಂದ ಬರುವಾಗ ಎರಡು ವೇಕ್‌ಬೋರ್ಡ್ ಹೊತ್ತು ತಂದರು. "ನಿನಗೆ ಬರುತ್ತಲ್ಲ, ನಮ್ಮ ಹುಡುಗರಿಗೂ ಕಲಿಸು" ಅಂದರು. ನನಗೆ ಬರುತ್ತದೆ, ನಿಜ. ಗೋವಾದಲ್ಲಿ ಒಂದು ಸೀಸನ್ ಕೆಲಸ ಮಾಡುವಾಗ ಬಿದ್ದು ಬಿದ್ದು ಕಲಿತೆ. ಆದರೆ ಹೇಗೆ ಕಲಿತೆ ಅಂತ ನನಗೇ ಗೊತ್ತಿಲ್ಲ.

ಇವತ್ತು ಎಂಟು ಜನ ಬಂದಿದ್ದರು. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಒಬ್ಬರಾದ ಮೇಲೆ ಒಬ್ಬರು. ಒಬ್ಬರೂ ನಿಲ್ಲಲಿಲ್ಲ. ಬೋಟು ಎಳೆಯುತ್ತದೆ, ಮುಖಕ್ಕೆ ನೀರು ರಪ್ಪಂತ ಹೊಡೆಯುತ್ತದೆ, ಹಗ್ಗ ಕೈಬಿಟ್ಟು ಹೋಗುತ್ತದೆ. ಮತ್ತೆ ಸುತ್ತು ಹಾಕಿ ಬಂದು ಹಗ್ಗ ಕೊಡಬೇಕು. ನನ್ನ ಅಕ್ಕನ ಮಗಳು ಹನ್ನೊಂದು ಸಲ ನೋಡಿದಳು. ದಡಕ್ಕೆ ಬಂದ ಮೇಲೆ ಕಾಫಿ ಲೋಟ ಹಿಡಿಯೋಕೆ ಆಗಲಿಲ್ಲ, ಕೈ ನಡುಗುತ್ತಿತ್ತು, ಬೆರಳು ಮಡಚುತ್ತಲೇ ಇರಲಿಲ್ಲ. ಅಕ್ಕನೇ ಕುಡಿಸಿದಳು. ಕುಡಿಸುತ್ತಾ ನನ್ನ ಕಡೆ ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ.

ಕಲಿಸಿದ ಅನುಭವ ಇರುವವರು ಹೇಳಿ. ಎಲ್ಲಿ ತಪ್ಪುತ್ತಿದ್ದೇನೆ?

ಬನ್ನೂರು ಕುರಿ · 9:52

ಎಂಟಕ್ಕೆ ಸೊನ್ನೆ. ನಮ್ಮ ಕ್ಲಾಸಿನ ಗಣಿತದ ರಿಸಲ್ಟ್ ನೆನಪಾಯಿತು ಗುರು.

ಸರಸ್ವತಿಪುರಂ ಶಾಂತಕ್ಕ · 10:05

ವೇಕ್‌ಬೋರ್ಡ್ ಅಂದರೆ ಏನಪ್ಪಾ? ಮಕ್ಕಳನ್ನು ಬೆಳಿಗ್ಗೆ ಬೇಗ ಏಳಿಸೋ ಯಾವುದೋ ಹೊಸ ಸಾಮಾನು ಅಂದುಕೊಂಡು ಒಳಗೆ ಬಂದೆ.

ಹಗ್ಗದ ತುದಿ · 10:24

ಶಾಂತಕ್ಕ, ಏಳಿಸೋ ಸಾಮಾನೇ. ಆದರೆ ನೀರಿನಿಂದ. ಬೋಟು ಹೋದ ಮೇಲೆ ಹಿಂದೆ ನೀರು ಎರಡು ಕಡೆಗೆ ಸೀಳಿಕೊಂಡು ದಿಬ್ಬದ ಥರ ಏಳುತ್ತದಲ್ಲ, ಆ ಅಲೆಗೆ ವೇಕ್ ಅನ್ನುತ್ತಾರೆ. ಎರಡೂ ಕಾಲನ್ನು ಒಂದೇ ಹಲಗೆಯ ಬೂಟಿಗೆ ಸೇರಿಸಿಕೊಂಡು, ಅಡ್ಡಡ್ಡ ನಿಂತು, ಹಗ್ಗ ಹಿಡಿದು ಬೋಟಿನ ಹಿಂದೆ ಹೋಗೋ ಆಟ ಇದು. ಇದಕ್ಕಿಂತ ಹಳೆಯದು ವಾಟರ್ ಸ್ಕೀ. 1922ರಲ್ಲಿ ಅಮೆರಿಕದ ಮಿನ್ನೆಸೋಟಾದ ರಾಲ್ಫ್ ಸ್ಯಾಮುಯೆಲ್ಸನ್ ಅನ್ನೋ 18ರ ಹುಡುಗ ಅದನ್ನು ಮೊದಲು ಮಾಡಿದ್ದು. ಅವನೂ ಮೊದಮೊದಲು ಸುಮ್ನೆ ಮುಳುಗುತ್ತಿದ್ದ. ಕೊನೆಗೆ ಹಿಂದಕ್ಕೆ ಒರಗಿ, ಹಲಗೆಯ ಮೂತಿಯನ್ನು ನೀರಿನಿಂದ ಮೇಲೆ ಇಟ್ಟುಕೊಂಡಾಗ ಎದ್ದ. ವೇಕ್‌ಬೋರ್ಡ್ ಹುಟ್ಟಿದ್ದು 1980ರ ದಶಕದಲ್ಲಿ, ಸರ್ಫಿಂಗ್ ಮಾಡುವವರ ಕೈಯಲ್ಲಿ. 1985ರಲ್ಲಿ ಟೋನಿ ಫಿನ್ 'ಸ್ಕರ್ಫರ್' ಅಂತ ಒಂದು ಹಲಗೆ ತಂದರು, ಅಲ್ಲಿಂದ ಶುರು.

ನಾನು ಮಂಡ್ಯದವನು. ಆರು ವರ್ಷ ಹೊರದೇಶದಲ್ಲಿ ಇದೇ ಕೆಲಸ ಮಾಡಿದೆ. ನೀರುಕೋಳಿ, ಮೂರು ಪ್ರಶ್ನೆ. ಹಗ್ಗ ಎಷ್ಟು ಉದ್ದ? ಬೋಟು ಎಷ್ಟು ಸ್ಪೀಡು? ಎಳೆಯುವಾಗ ಬೋಟಿನಿಂದ ನೀವು ಏನಂತ ಕೂಗುತ್ತಿದ್ದಿರಿ?

ನೀರುಕೋಳಿ · 10:31

ಹಗ್ಗ 75 ಅಡಿ, ಬೋರ್ಡ್ ಜೊತೆಗೇ ಬಂದಿದ್ದು. ಸ್ಪೀಡು 35 ಕಿ.ಮೀ. ಹತ್ತಿರ ಇರಬಹುದು. ಕೂಗಿದ್ದು ಇನ್ನೇನು ಸಾರ್, "ಏಳು! ಏಳು! ಎದ್ದೇಳು!"

ಹಗ್ಗದ ತುದಿ · 11:10

ಅಂದುಕೊಂಡೆ. ಮೂರೂ ತಪ್ಪು. ಆದರೆ ಮೊದಲೆರಡು ಅರ್ಧ ಗಂಟೆಯಲ್ಲಿ ಸರಿಹೋಗುತ್ತದೆ. ಮೂರನೆಯದೇ ಕಷ್ಟ.

ಹಗ್ಗ: ಹೊಸಬರಿಗೆ 30ರಿಂದ 50 ಅಡಿ ಸಾಕು. ಹಗ್ಗ ಗಿಡ್ಡ ಇದ್ದಷ್ಟೂ ಎಳೆತ ಸ್ವಲ್ಪ ಮೇಲ್ಮುಖವಾಗಿ ಬರುತ್ತದೆ, ಏಳೋದು ಸುಲಭ. ಅಲೆಯೂ ಅಲ್ಲಿ ಸಣ್ಣದು. ನೀವು ಹೇಳುವುದೂ ಅವರಿಗೆ ಕೇಳಿಸುತ್ತದೆ. 75 ಅಡಿ ದೂರದಲ್ಲಿ, ಎಂಜಿನ್ ಸದ್ದಿನಲ್ಲಿ, ಕಿವಿಗೆ ನೀರು ತುಂಬಿಕೊಂಡವರಿಗೆ ನೀವು ಕೂಗಿದ್ದು ಕೇಳಿಸಲೇ ಇಲ್ಲ ಅನ್ನೋದೊಂದೇ ಸಮಾಧಾನ.

ಸ್ಪೀಡು: ಹೊಸಬರಿಗೆ 20ರಿಂದ 25 ಕಿ.ಮೀ. ಚಿಕ್ಕ ಮಕ್ಕಳಿಗೆ ಇನ್ನೂ ಕಡಿಮೆ. 35 ಅಂದರೆ ಅಲೆ ಮೇಲಿಂದ ಹಾರಿ ಪಲ್ಟಿ ಹೊಡೆಯುವವರ ಸ್ಪೀಡು. ಆ ಸ್ಪೀಡಿಗೆ ಬಿದ್ದರೆ ನೀರು ನೀರಿನ ಥರ ಇರೋದಿಲ್ಲ, ಸಿಮೆಂಟು ನೆಲದ ಥರ ಇರುತ್ತದೆ.

ಇನ್ನು "ಏಳು". ಈ ಮಾತೇ ಅವರನ್ನು ಬೀಳಿಸಿದ್ದು. ಏಳು ಅಂದ ತಕ್ಷಣ ಮನುಷ್ಯ ಎರಡು ಕೆಲಸ ಮಾಡುತ್ತಾನೆ. ಕಾಲು ನೆಟ್ಟಗೆ ಮಾಡುತ್ತಾನೆ, ಕೈಯಿಂದ ಹಗ್ಗ ಎಳೆದುಕೊಳ್ಳುತ್ತಾನೆ. ಕಾಲು ನೆಟ್ಟಗಾದರೆ ಹಲಗೆ ನೀರಿಗೆ ಅಡ್ಡ ಗೋಡೆ ಆಗುತ್ತದೆ, ಪೂರ್ತಿ ಕೆರೆಯೇ ಎದುರಿಗೆ ಬಂದು ಹೊಡೆದ ಹಾಗೆ. ಹಗ್ಗ ಎಳೆದುಕೊಂಡರೆ ಅದು ಒಂದು ಕ್ಷಣ ಸಡಿಲ ಆಗುತ್ತದೆ, ಬೆನ್ನ ಮೇಲೆ ಬೀಳುತ್ತಾರೆ. ನಿಮ್ಮ ಅಕ್ಕನ ಮಗಳು ಹನ್ನೊಂದು ಸಲವೂ ಬೋಟನ್ನೇ ತನ್ನ ಕಡೆ ಎಳೆದುಕೊಳ್ಳಲು ನೋಡಿದ್ದಾಳೆ. ಕೈ ನಡುಗದೆ ಇನ್ನೇನು?

ಏಳಬೇಡಿ ಅನ್ನಿ. ನೀರಿನಲ್ಲಿ ಬೆನ್ನ ಮೇಲೆ ತೇಲಬೇಕು. ಹಲಗೆ ಹಗ್ಗಕ್ಕೆ ಅಡ್ಡ, ಅದರ ಮೇಲಂಚು ನೀರಿನ ಮೇಲೆ ಕಾಣಬೇಕು. ಮಂಡಿ ಎದೆ ಹತ್ತಿರ, ಹಿಮ್ಮಡಿ ಅಂಡಿನ ಹತ್ತಿರ, ಎರಡೂ ಕೈ ಮಂಡಿಯ ಆಚೆ ಈಚೆ ನೆಟ್ಟಗೆ ಚಾಚಿರಬೇಕು. ಹೊಲದ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಬೀಡಿ ಸೇದುವ ತಾತನನ್ನು ಹಾಗೇ ಹಿಂದಕ್ಕೆ ಒರಗಿಸಿದರೆ ಹೇಗೆ, ಹಾಗೆ. ಬೋಟು ಹೊರಟರೂ ಹಾಗೇ ಇರಬೇಕು. ನೀರು ಹಲಗೆಯ ತಳಕ್ಕೆ ಒತ್ತುತ್ತದೆ. ಆ ಒತ್ತಡವೇ ಹಲಗೆಯನ್ನು ಮೇಲಕ್ಕೆ ಎತ್ತಿ, ಅಂಡನ್ನು ಹಲಗೆಯ ಮೇಲೆ ತಂದು ಕೂರಿಸುತ್ತದೆ. ಹಲಗೆ ನೀರಿನ ಮೇಲೆ ಜಾರೋಕೆ ಶುರುವಾದದ್ದು ಅಂಗಾಲಿಗೇ ಗೊತ್ತಾಗುತ್ತದೆ, ಎಳೆತ ಇದ್ದಕ್ಕಿದ್ದಂತೆ ಹಗುರ ಆಗುತ್ತದೆ. ಆಮೇಲೆ ನಿಧಾನಕ್ಕೆ ಏಳಬಹುದು. ಅದೂ ಅರ್ಧ ಮಾತ್ರ, ಮಂಡಿ ಯಾವಾಗಲೂ ಮಡಚಿರಬೇಕು.

ಈ ಆಟದಲ್ಲಿ ಕಲಿಸೋದು ಅಂದರೆ ಏನೂ ಮಾಡದೆ ಇರೋದನ್ನು ಕಲಿಸೋದು.

ಪಾಂಡವಪುರ ಪ್ಯಾಸೆಂಜರ್ · 11:22

ನಮ್ಮ ಕಡೆ ಇದನ್ನು ನೀರಿಲ್ಲದೆ ಎಲ್ಲರೂ ಕಲಿತಿದ್ದಾರೆ ಅಣ್ಣ. ಸ್ಕೂಲಿನಿಂದ ಸೈಕಲ್ಲಲ್ಲಿ ಬರುವಾಗ ಕಬ್ಬಿನ ಟ್ರ್ಯಾಕ್ಟರು ಸಿಕ್ಕಿದರೆ ಟ್ರೈಲರಿನ ಸರಪಳಿ ಹಿಡಿದುಕೊಂಡು ಬಿಡುತ್ತಿದ್ದೆವು. ಕೈ ನೆಟ್ಟಗೆ ಇಟ್ಟುಕೊಂಡವನು ಮನೆ ಸೇರಿದ. ಕೈ ಮಡಚಿ ಹತ್ತಿರ ಎಳೆದುಕೊಂಡವನು ಟ್ರೈಲರಿಗೆ ಹಲ್ಲು ಕೊಟ್ಟ. ನನ್ನ ಮುಂದಿನ ಎರಡು ಹಲ್ಲು ಕಟ್ಟಿಸಿದ್ದು ಸುಮ್ನೆ ಅಲ್ಲ.

ಬನ್ನೂರು ಕುರಿ · 11:25

ಮಕ್ಕಳೇ, ಯಾರೂ ಇದನ್ನು ಮಾಡಬೇಡಿ. ಕಬ್ಬು ಮಾತ್ರ ಕೀಳಿ.

ಕುಡ್ಲದ ಬಂಗುಡೆ · ಸೋಮವಾರ ಬೆಳಿಗ್ಗೆ 7:15

ಮೈಸೂರಿಗೆ ಬಂದು ಹದಿನೈದು ವರ್ಷ ಆಯಿತು ಮಾರಾಯ್ರೆ, ಆದರೂ ಹೇಳುತ್ತೇನೆ. ನೀವೆಲ್ಲ ಅಮೆರಿಕ, 1922 ಅಂತ ಮಾತಾಡುತ್ತಿದ್ದೀರಿ. ನಮ್ಮ ಕಂಬಳದಲ್ಲಿ ಅಡ್ಡ ಹಲಗೆ, ಕನೆ ಹಲಗೆ ಅಂತ ವಿಭಾಗವೇ ಇದೆ. ಕೋಣ ಎಳೆಯುತ್ತದೆ, ಮನುಷ್ಯ ಹಲಗೆ ಮೇಲೆ ನಿಂತು ಕೆಸರುನೀರಿನಲ್ಲಿ ಹೋಗುತ್ತಾನೆ. ಕನೆ ಹಲಗೆಯಲ್ಲಿ ಹಲಗೆಯ ತೂತಿನಿಂದ ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಅನ್ನೋದರ ಮೇಲೇ ಸ್ಪರ್ಧೆ. ಹಲಗೆ ಮೇಲಿನವರನ್ನು ನೋಡಿ. ಒಬ್ಬರಾದರೂ ನೆಟ್ಟಗೆ ನಿಂತಿರುತ್ತಾರಾ?

ಹಗ್ಗದ ತುದಿ · 7:40

ಒಪ್ಪಿದೆ. ಕೋಣಕ್ಕೆ ಥ್ರಾಟಲ್ ಇಲ್ಲ, ಅದೊಂದೇ ವ್ಯತ್ಯಾಸ.

ಮದ್ದೂರು ವಡೆ · 8:02

ಕಂಬಳದವರೆಗೆ ಯಾಕೆ? ನಾಟಿಗೆ ಮುಂಚೆ ಗದ್ದೆ ಮಟ್ಟ ಮಾಡುವಾಗ ಎತ್ತಿನ ಹಿಂದಿನ ಹಲಗೆಯ ಮೇಲೆ ಭಾರಕ್ಕೆ ಅಂತ ನಮ್ಮನ್ನೇ ನಿಲ್ಲಿಸುತ್ತಿದ್ದರು. ಒಂದು ರೂಪಾಯಿ ಕೊಟ್ಟಿಲ್ಲ, ನಾವೇ ಹಟ ಮಾಡಿ ನಿಲ್ಲುತ್ತಿದ್ದೆವು. ಅಪ್ಪ ಹೇಳುತ್ತಿದ್ದದ್ದು ಒಂದೇ ಮಾತು: "ಕಾಲ ಕೆಳಗೆ ನೋಡಬೇಡ, ಎತ್ತಿನ ಕೊಂಬು ನೋಡು."

ಹಗ್ಗದ ತುದಿ · 8:10

ನಿಮ್ಮ ತಂದೆಯವರನ್ನು ಕೋಚ್ ಮಾಡಬೇಕಿತ್ತು. ಹಲಗೆ ನೋಡಿದವನು ಹಲಗೆ ಮೇಲೇ ಬೀಳುತ್ತಾನೆ. ತಲೆ ಬಗ್ಗಿದರೆ ಭುಜ ಬಗ್ಗುತ್ತದೆ, ಭುಜದ ಜೊತೆಗೇ ಭಾರವೆಲ್ಲ ಮುಂದಕ್ಕೆ ಹೋಗುತ್ತದೆ. ಬೋಟಿನ ಮೇಲೆ ಯಾವುದಾದರೂ ಒಂದು ವಸ್ತು ತೋರಿಸಿ, ಅದನ್ನೇ ನೋಡಲು ಹೇಳಬೇಕು.

ವಿಜಯನಗರ ನಾಲ್ಕನೇ ಸ್ಟೇಜ್ · 9:30

ನಾನು ಥೈಲ್ಯಾಂಡಿನಲ್ಲಿ ಎರಡು ಸಲ ಮಾಡಿದ್ದೇನೆ. ಅಲ್ಲಿ ಭಾರ ಪೂರ್ತಿ ಹಿಂದಿನ ಕಾಲಿಗೆ ಕೊಡಿ ಅಂದಿದ್ದರು. ಇಲ್ಲಿ ಯಾರೂ ಅದನ್ನು ಹೇಳಲೇ ಇಲ್ಲ. ಹಿಂದಿನ ಕಾಲೇ ಬ್ರೇಕು, ಹಿಂದಿನ ಕಾಲೇ ಸ್ಟೀರಿಂಗು.

ಹಗ್ಗದ ತುದಿ · 9:48

ಏಳುವಾಗ ಮಾತ್ರ ಹಿಂದಿನ ಕಾಲಿಗೆ ಸ್ವಲ್ಪ ಜಾಸ್ತಿ. ಮೂತಿ ಮುಳುಗಬಾರದು ಅಂತ. ಎದ್ದು ಹಲಗೆ ಜಾರುತ್ತಿದ್ದ ಮೇಲೆ ಎರಡೂ ಕಾಲಿಗೆ ಸಮ. ಪೂರ್ತಿ ಹಿಂದಕ್ಕೆ ಕೊಟ್ಟರೆ ಎರಡು ನಿಮಿಷದಲ್ಲಿ ಹಿಂದಿನ ತೊಡೆ ಉರಿಯುತ್ತದೆ, ಮೂತಿ ಆ ಕಡೆ ಈ ಕಡೆ ಅಲ್ಲಾಡುತ್ತದೆ.

ವಿಜಯನಗರ ನಾಲ್ಕನೇ ಸ್ಟೇಜ್ · 9:55

ನನಗೆ ತೊಡೆ ಉರಿದದ್ದು ನಿಜ. ಆದರೆ ನಿಂತೆ ಅಲ್ವಾ?

ಹಗ್ಗದ ತುದಿ · 9:58

ಎಷ್ಟು ಹೊತ್ತು?

ವಿಜಯನಗರ ನಾಲ್ಕನೇ ಸ್ಟೇಜ್ · 10:20

ಅದು ಬೇರೆ ವಿಷಯ.

ನೀರುಕೋಳಿ · 10:34

ಇನ್ನೊಂದು ಅನುಮಾನ. ಯಾವ ಕಾಲು ಮುಂದೆ ಇಡಬೇಕು ಅಂತ ಹೇಗೆ ತಿಳಿಯೋದು? ನಾನು ಎಲ್ಲರಿಗೂ ಎಡಗಾಲು ಮುಂದೆ ಕೊಟ್ಟೆ.

ಫಿಸಿಯೋ ಪುಟ್ಟಿ · 11:15

ಅದನ್ನು ಕೇಳಿ ತಿಳಿಯೋಕೆ ಆಗೋದಿಲ್ಲ, ನೋಡಿ ತಿಳಿಯಬೇಕು. ಹೇಳದೆ ಕೇಳದೆ ಹಿಂದಿನಿಂದ ಮೆಲ್ಲಗೆ ತಳ್ಳಿ. ಯಾವ ಕಾಲು ತಾನಾಗಿ ಮುಂದೆ ಹೋಗುತ್ತದೋ ಅದನ್ನು ಮುಂದಿಟ್ಟು ನೋಡಿ. ಸಾಕ್ಸ್ ಹಾಕಿಕೊಂಡು ನಯವಾದ ನೆಲದ ಮೇಲೆ ಓಡಿಬಂದು ಜಾರಲು ಹೇಳಿದರೂ ಗೊತ್ತಾಗುತ್ತದೆ. ಬಲಗಾಲು ಮುಂದೆ ಬರುವವರು ಕಡಿಮೆ, ಆದರೆ ಇದ್ದೇ ಇರುತ್ತಾರೆ. ಇದು ಸುಳಿವು ಅಷ್ಟೇ. ನಾಲ್ಕೈದು ಸಲ ಎದ್ದ ಮೇಲೂ ಒದ್ದಾಡುತ್ತಿದ್ದರೆ ಕಾಲು ಬದಲಾಯಿಸಿ ನೋಡಿ.

ಕೈ ನಡುಗಿದ ಹುಡುಗಿ ಬಗ್ಗೆ: ಮುಂಗೈಯ ಸ್ನಾಯು ಸುಸ್ತಾದ ಮೇಲೆ ಕಲಿಯೋದು ನಿಲ್ಲುತ್ತದೆ, ಗಾಯ ಶುರುವಾಗುತ್ತದೆ. ಒಬ್ಬರಿಗೆ ಒಂದು ಸಲಕ್ಕೆ ಹದಿನೈದು ನಿಮಿಷ ಸಾಕು. ಮೂರು ನಾಲ್ಕು ಸಲ ಬಿದ್ದರೆ ಬೋಟಿಗೆ ಹತ್ತಿಸಿ, ಬೇರೆಯವರನ್ನು ಇಳಿಸಿ. ಕೂತು ಬೇರೆಯವರು ಬೀಳೋದನ್ನು ನೋಡುವಾಗಲೇ ಜಾಸ್ತಿ ಕಲಿಯುತ್ತಾರೆ. ಹೆಲ್ಮೆಟ್ ಇತ್ತಾ?

ನೀರುಕೋಳಿ · 11:20

ಇಲ್ಲ. ಲೈಫ್ ಜಾಕೆಟ್ ಇತ್ತು.

ಸರಸ್ವತಿಪುರಂ ಶಾಂತಕ್ಕ · 12:45

ಈಗ ನನ್ನ ಪ್ರಶ್ನೆ. ಹೋದ ವರ್ಷ ಮೊಮ್ಮಕ್ಕಳನ್ನು ಬೋಟಿಂಗಿಗೆ ಕರೆದುಕೊಂಡು ಹೋಗಿದ್ದೆ, ಎಲ್ಲಿ ಅಂತ ಹೇಳೋದಿಲ್ಲ. ಕೊಟ್ಟ ಲೈಫ್ ಜಾಕೆಟ್ಟಿನ ಬಕಲ್ ಮುರಿದಿತ್ತು. ಕೇಳಿದರೆ ಆ ಹುಡುಗ "ಆಂಟಿ, ಸುಮ್ನೆ ಫೋಟೋಗೆ ಹಾಕ್ಕೊಳ್ಳೋದು" ಅಂದ. ಇಳಿದು ಮನೆಗೆ ಬಂದೆವು. ಈ ನಿಮ್ಮ ಆಟಕ್ಕೆ ಈಜು ಬರಬೇಕಾ, ಬೇಡವಾ? ನಮ್ಮ ಕಾಲದಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸುತ್ತಿದ್ದರು, ಅದಕ್ಕೂ ಮೇಲಿಂದ ಹಗ್ಗ ಇರುತ್ತಿತ್ತು.

ಹಗ್ಗದ ತುದಿ · 1:30

ಶಾಂತಕ್ಕ ಕೇಳಿದ್ದು ಮೊದಲೇ ಬರಬೇಕಾದ ಪ್ರಶ್ನೆ, ನಾವೇ ತಡ ಮಾಡಿದೆವು.

ಈಜು ಬರಬೇಕು. ಜಾಕೆಟ್ ಇದ್ದರೂ ಬರಬೇಕು. ಕಾಲಿಗೆ ಹಲಗೆ ಬಿಗಿದಿರುವಾಗ ನೀರು ಕುಡಿದು ಗಾಬರಿಯಾದರೆ, ನೀರಿನ ಪರಿಚಯ ಇಲ್ಲದವರು ತಲೆಕೆಳಗಾಗುತ್ತಾರೆ. ನನ್ನ ನಿಯಮ: ಜಾಕೆಟ್ ಹಾಕಿಕೊಂಡು, ಹಲಗೆ ಇಲ್ಲದೆ, ಮೊದಲು ಹತ್ತು ನಿಮಿಷ ತೇಲಿ ತೋರಿಸಬೇಕು. ಆಮೇಲೆ ಹಲಗೆ ಹಾಕಿಕೊಂಡು ಹೊಟ್ಟೆ ಮೇಲಿಂದ ಬೆನ್ನ ಮೇಲಕ್ಕೆ ತಾವೇ ಹೊರಳಿ ತೋರಿಸಬೇಕು. ಮಂಡಿ ಮಡಚಿ ಪಕ್ಕಕ್ಕೆ ಉರುಳಿದರೆ ಬರುತ್ತದೆ. ಕಾಲು ಚಾಚಿದ್ದರೆ ಬರೋದಿಲ್ಲ.

ಜಾಕೆಟ್ಟಿನಲ್ಲೂ ಎರಡು ಥರ ಇದೆ. ಬಿದ್ದಾಗ ಪೆಟ್ಟು ತಡೆಯಲು ಮಾತ್ರ ಇರುವ ತೆಳ್ಳನೆಯ ಇಂಪ್ಯಾಕ್ಟ್ ವೆಸ್ಟ್ ಒಂದು, ಪ್ರಜ್ಞೆ ಇಲ್ಲದವರನ್ನೂ ತೇಲಿಸುವ ನಿಜವಾದ ಲೈಫ್ ಜಾಕೆಟ್ ಇನ್ನೊಂದು. ಮೊದಲನೆಯದು ಫೋಟೋಗೆ ಚೆನ್ನಾಗಿರುತ್ತದೆ. ಹೊಸಬರಿಗೆ ಎರಡನೆಯದೇ. ಹಾಕಿ ಬಕಲ್ ಬಿಗಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಕಿವಿವರೆಗೆ ಬಂದರೆ ಅದು ಅವರ ಅಳತೆಯದಲ್ಲ.

ಬೋಟಿನಲ್ಲಿ ಇಬ್ಬರು ಇರಲೇಬೇಕು. ಓಡಿಸುವವನು ಮುಂದೆ ನೋಡುತ್ತಾನೆ, ಇನ್ನೊಬ್ಬನು ಹಿಂದೆ ಮಾತ್ರ ನೋಡುತ್ತಾನೆ. ಆ ಇನ್ನೊಬ್ಬನ ಕೈಯಲ್ಲಿ ಫೋನ್ ಇರಕೂಡದು. ಬಿದ್ದವರ ಹತ್ತಿರ ಹೋದಾಗ ಎಂಜಿನ್ ಆಫ್. ನ್ಯೂಟ್ರಲ್ ಅಲ್ಲ, ಆಫ್. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವವರನ್ನು ಆವತ್ತೇ ಮನೆಗೆ ಕಳಿಸಿ.

ಎಲ್ಲಕ್ಕಿಂತ ಮೊದಲ ಪಾಠ ಹಗ್ಗ ಬಿಡೋದು. ನಾವು ಹಿಡಿಯೋದನ್ನು ಕಲಿಸುತ್ತೇವೆ, ಬಿಡೋದನ್ನು ಮರೆಯುತ್ತೇವೆ. ಬೀಳುತ್ತೇನೆ ಅನ್ನಿಸಿದರೆ ಹಗ್ಗ ಬಿಟ್ಟು ಸುಮ್ಮನಾಗಿ. ಬಿದ್ದ ಮೇಲೆ ಒಂದು ಕೈ ಎತ್ತಿದರೆ 'ನಾನು ಚೆನ್ನಾಗಿದ್ದೇನೆ' ಅಂತ. ಹೆಬ್ಬೆರಳು ಮೇಲಕ್ಕೆ ಅಂದರೆ ಸ್ಪೀಡು ಹೆಚ್ಚಿಸು, ಕೆಳಕ್ಕೆ ಅಂದರೆ ಇಳಿಸು. ತಲೆ ಮುಟ್ಟಿಕೊಂಡರೆ ಸಾಕು, ದಡಕ್ಕೆ ಕರೆದುಕೊಂಡು ಹೋಗು ಅಂತ.

ಬನ್ನೂರು ಕುರಿ · 1:41

ಹೆಬ್ಬೆರಳು ಮೇಲೆ ಅಂದರೆ ನಮ್ಮಲ್ಲಿ 'ಸೂಪರ್' ಅಂತ. ಪಾಪ, ಯಾರೋ ಸೂಪರ್ ಅಂದಿರುತ್ತಾರೆ, ಡ್ರೈವರು ಇನ್ನೂ ಎಳೆದಿರುತ್ತಾನೆ.

ನೀರುಕೋಳಿ · 1:50

ನಗಬೇಡಿ. ನಿನ್ನೆ ಹಾಗೇ ಆಗಿದೆ.

ನಾಲೆ ಏರಿ ನಾಗ · 4:10

ಬೋಟು ಯಾಕೆ ಬೇಕು ಬ್ರೋ? ನಮ್ಮೂರ ಹತ್ತಿರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಇದೆ. ಏರಿ ಮೇಲೆ ಬೈಕು, ನೀರಿನಲ್ಲಿ ಹಲಗೆ, ಮಧ್ಯೆ ಹಗ್ಗ. ನಾಲೆ ನೇರವಾಗಿದೆ, ನೀರು ಶಾಂತವಾಗಿದೆ. ಯೂಟ್ಯೂಬಿನಲ್ಲಿ ನೋಡಿದೆ.

ಮದ್ದೂರು ವಡೆ · 4:14

ಬೇಡ.

ಪಾಂಡವಪುರ ಪ್ಯಾಸೆಂಜರ್ · 4:22

ತಮ್ಮಾ, ನಾಲೆ ನೀರು ಮೇಲೆ ಶಾಂತ, ಕೆಳಗೆ ಅಲ್ಲ. ಎರಡೂ ಕಡೆ ಇಳಿಜಾರು ಕಾಂಕ್ರೀಟು, ಅದರ ಮೇಲೆ ಪಾಚಿ. ಈಜು ಬರುವವರೇ ಹಿಡಿಯೋಕೆ ಏನೂ ಸಿಗದೆ ಸೋತುಹೋಗುತ್ತಾರೆ. ಕಾಲಿಗೆ ಹಲಗೆ ಕಟ್ಟಿಕೊಂಡು ಅಲ್ಲಿ ಬಿದ್ದರೆ ಹತ್ತಿ ಬರೋದು ಹೇಗೆ? ಮುಂದೆ ತೂಬು ಇರುತ್ತದೆ, ಸೇತುವೆ ಕಂಬ ಇರುತ್ತದೆ. ಬೈಕು ಏರಿ ಮೇಲೆ ಬಲಕ್ಕೆ ಎಳೆದರೆ ನೀನು ನೇರವಾಗಿ ಕಾಂಕ್ರೀಟಿಗೇ ಬರುತ್ತೀಯ. ನಾನು ಹುಟ್ಟಿ ಬೆಳೆದದ್ದು ಆ ನಾಲೆ ಪಕ್ಕದಲ್ಲೇ. ಪ್ರತಿ ಬೇಸಿಗೆಯೂ ಏನಾಗುತ್ತದೆ ಅಂತ ನಿನಗೂ ಗೊತ್ತು.

ನಾಲೆ ಏರಿ ನಾಗ · 4:40

ಸರಿ ಅಣ್ಣ. ಬಿಟ್ಟೆ.

ಫಿಸಿಯೋ ಪುಟ್ಟಿ · 4:52

ಅವನು ಯೂಟ್ಯೂಬಿನಲ್ಲಿ ನೋಡಿದ್ದು ವಿಂಚ್ ಇರಬೇಕು, ದಡದಲ್ಲಿಟ್ಟ ಎಂಜಿನ್ ಹಗ್ಗ ಸುತ್ತಿ ಎಳೆಯೋದು. ಬೋಟು ಇಲ್ಲದೆ ಮಾಡುವ ಸರಿಯಾದ ದಾರಿ ಕೇಬಲ್. ಕೆರೆಯ ಎರಡು ಕಡೆ ಕಂಬ ನಿಲ್ಲಿಸಿ, ಮೇಲೆ ತಂತಿ ಎಳೆದು, ಮೋಟಾರಿನಿಂದ ಆ ಕಡೆ ಈ ಕಡೆ ಓಡಿಸುತ್ತಾರೆ. ಕೇಬಲ್ಲಿನಿಂದ ಎಳೆಯೋದನ್ನು 1960ರ ದಶಕದಲ್ಲಿ ಜರ್ಮನಿಯ ಬ್ರೂನೋ ರಿಕ್ಸೆನ್ ಶುರು ಮಾಡಿದ್ದು, ಆಗ ಕಂಬಗಳು ಎರಡಕ್ಕಿಂತ ಜಾಸ್ತಿ, ತಂತಿ ಕೆರೆ ಸುತ್ತ ಓಡುತ್ತಿತ್ತು. ಎಳೆತ ಮೇಲಿಂದ ಬರುವುದರಿಂದ ಹೊಸಬರು ಬೇಗ ಏಳುತ್ತಾರೆ, ಬಿದ್ದರೆ ಪಕ್ಕದಲ್ಲಿ ಬೋಟಿನ ಫ್ಯಾನೂ (ಪ್ರೊಪೆಲ್ಲರ್) ಇರೋದಿಲ್ಲ. 2020ರ ಒಲಿಂಪಿಕ್ಸಿಗೆ ಸೇರಿಸುವ ಆಟಗಳ ಪಟ್ಟಿಯಲ್ಲಿ ವೇಕ್‌ಬೋರ್ಡಿನ ಹೆಸರೂ ಇತ್ತು, ಆಯ್ಕೆ ಆಗಲಿಲ್ಲ.

ವಿಜಯನಗರ ನಾಲ್ಕನೇ ಸ್ಟೇಜ್ · 5:30

ಕುಕ್ಕರಹಳ್ಳಿ ಕೆರೆಗೆ ಎರಡು ಕಂಬ ಹಾಕಿದರೆ ಮುಗಿಯಿತಲ್ಲ, ಊರ ಮಧ್ಯೆ.

ಸರಸ್ವತಿಪುರಂ ಶಾಂತಕ್ಕ · 5:33

ಕುಕ್ಕರಹಳ್ಳಿ ಕೆರೆ ಹೆಜ್ಜಾರ್ಲೆಗಳದ್ದು. ನಾನು ದಿನಾ ಅಲ್ಲೇ ವಾಕಿಂಗ್ ಹೋಗೋದು. ಕಂಬ ತಂದರೆ ಮೊದಲು ನನ್ನನ್ನು ದಾಟಿ ಹೋಗಬೇಕು.

ವಿಜಯನಗರ ನಾಲ್ಕನೇ ಸ್ಟೇಜ್ · 5:35

ತಮಾಷೆ ಮಾಡಿದೆ ಮೇಡಂ. ಕೆಆರ್‌ಎಸ್ ಹಿನ್ನೀರು?

ಮದ್ದೂರು ವಡೆ · 5:50

ಈಗ ಡ್ಯಾಮ್ ಎಷ್ಟಿದೆ?

ಪಾಂಡವಪುರ ಪ್ಯಾಸೆಂಜರ್ · 5:51

ಬಂತು ನೋಡಿ! ಮಂಡ್ಯದವನ ಹತ್ತಿರ ಯಾವ ವಿಷಯ ಎತ್ತಿದರೂ ಕೊನೆಗೆ ಡ್ಯಾಮ್ ತುಂಬುವ 124.80 ಅಡಿಗೇ ಬಂದು ನಿಲ್ಲುತ್ತದೆ.

ಮದ್ದೂರು ವಡೆ · 5:53

ಭತ್ತ ಹಾಕೋನು ನಾನು ತಾನೇ?

ಹಗ್ಗದ ತುದಿ · 6:30

ಆದರೂ ಅವರ ಪ್ರಶ್ನೆ ಇಲ್ಲಿಗೂ ಸಲ್ಲುತ್ತದೆ. ಅಣೆಕಟ್ಟೆಯ ನೀರು ಏರುತ್ತಾ ಇಳಿಯುತ್ತಾ ಇರುತ್ತದೆ. ಇವತ್ತು ಹತ್ತು ಅಡಿ ಆಳ ಇದ್ದ ಜಾಗ ಎರಡು ತಿಂಗಳಿಗೆ ಮಂಡಿ ಆಳ ಆಗಿರಬಹುದು. ಕೆಳಗೆ ಮರದ ಬುಡ, ಹಳೇ ಬೇಲಿ ಕಲ್ಲು ಇರಬಹುದು. ಅನುಮತಿ ಇಲ್ಲದೆ ಇಳಿಯೋದಂತೂ ದೂರದ ಮಾತು. ಕೆಳಗೆ ರಂಗನತಿಟ್ಟಿನ ಕಡೆ ಹೊಳೆಯಲ್ಲಿ ಮೊಸಳೆ ಇವೆ, ಅದು ಪಕ್ಷಿಧಾಮ ಬೇರೆ. ಕೆರೆ ಆದರೂ ಅಷ್ಟೇ. ಹೊಸಬರನ್ನು ಇಳಿಸುವ ಮುಂಚೆ ತೆಪ್ಪದಲ್ಲಿ ಒಂದು ಉದ್ದನೆ ಗಳ ಹಿಡಿದುಕೊಂಡು ಬೋಟು ಹೋಗುವ ದಾರಿ ಪೂರ್ತಿ ಚುಚ್ಚಿ ನೋಡಿ. ಜೊಂಡು, ಅಂತರಗಂಗೆ ಇರುವ ಕಡೆ ಹೋಗಲೇಬೇಡಿ. ಮೀನಿನ ಬಲೆ ಎಲ್ಲಿ ಬಿಟ್ಟಿದ್ದಾರೆ ಅಂತ ಮೀನುಗಾರರನ್ನೇ ಕೇಳಿ. ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರೋದಿಲ್ಲ.

ಮಂಡಿನೋವು 47 · ಮಂಗಳವಾರ ಬೆಳಿಗ್ಗೆ 6:05

ನನಗೆ 47. ಹೊಟ್ಟೆ ಇದೆ. ಕಲಿಯಬಹುದಾ? ನಗಬೇಡಿ.

ಫಿಸಿಯೋ ಪುಟ್ಟಿ · 6:40

ಕಲಿಯಬಹುದು ಸಾರ್. ಮೊದಲು ಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಏನೂ ಹಿಡಿಯದೆ ಎದ್ದು ನೋಡಿ. ಹತ್ತು ಸಲ ನೋವಿಲ್ಲದೆ ಆದರೆ ಬನ್ನಿ. ಮಂಡಿ ಕಟಕಟ ಅಂದು ನೋವಾದರೆ ಮೊದಲು ಡಾಕ್ಟರಿಗೆ ತೋರಿಸಿ. ಭುಜ ಹಿಂದೆ ಯಾವಾಗಲಾದರೂ ಜಾರಿದ್ದರೆ ಈ ಆಟ ಬೇಡ. ಹೊಟ್ಟೆಗೆ ಏನೂ ಅಡ್ಡಿಯಿಲ್ಲ, ಸ್ವಲ್ಪ ಉದ್ದದ ಬೋರ್ಡ್ ಬೇಕು ಅಷ್ಟೇ. ದೊಡ್ಡ ಹಲಗೆ ನೀರಿನ ಮೇಲೆ ಬೇಗ ಬರುತ್ತದೆ.

ಬನ್ನೂರು ಕುರಿ · 6:44

ಇಂಡಿಯನ್ ಟಾಯ್ಲೆಟ್ ಬಿಟ್ಟು ಕಮೋಡಿಗೆ ಹೋದವರಿಗೆ ಕಷ್ಟ ಅನ್ನಿ.

ಹಗ್ಗದ ತುದಿ · 7:20

ತಮಾಷೆಗೆ ಹೇಳಿದರೂ ನಿಜ. ನಾನು ಕಲಿಸಿದವರಲ್ಲಿ ಕುಕ್ಕರಗಾಲಲ್ಲಿ ಸಲೀಸಾಗಿ ಕೂರುವವರು ಬೇಗ ಎದ್ದಿದ್ದಾರೆ.

ನೀರುಕೋಳಿ, ಈ ಭಾನುವಾರ ನೀರಿಗೆ ಇಳಿಯುವ ಮುಂಚೆ ಹುಲ್ಲಿನ ಮೇಲೆ ಅರ್ಧ ಗಂಟೆ ಮಾಡಿಸಿ. ಹಲಗೆ ಹಾಕಿಸಿ, ನೆಲದ ಮೇಲೆ ಕೂರಿಸಿ, ಹಿಡಿ ಕೊಡಿ. ಹಗ್ಗದ ಇನ್ನೊಂದು ತುದಿ ನೀವು ಹಿಡಿದು ನಿಧಾನಕ್ಕೆ ಎಳೆಯಿರಿ. ಅವರ ಕೈ ಮಡಚಿತಾ, ಹಗ್ಗ ಬಿಟ್ಟುಬಿಡಿ. ಹಿಂದಕ್ಕೆ ಬೀಳುತ್ತಾರೆ. ಎರಡು ಸಲ ಬಿದ್ದರೆ ಮೈಗೆ ಅರ್ಥವಾಗುತ್ತದೆ, ನೀವು ಬಾಯಿ ನೋಯಿಸಿಕೊಳ್ಳಬೇಕಿಲ್ಲ. ಮತ್ತೆ ಬೋಟು ಓಡಿಸುವವರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ನಿಜವಾದ ಮೇಷ್ಟ್ರು ಅವರೇ. ಹಗ್ಗ ಬಿಗಿಯಾಗುವವರೆಗೆ ಆಮೆ ಥರ ಹೋಗಬೇಕು. ಆಮೇಲೆ ಒಂದೇ ಸಮನೆ ಸ್ಪೀಡು ಏರಬೇಕು, ಧಗ್ ಅಂತ ಎಳೆಯಬಾರದು.

ನೀರುಕೋಳಿ · ಭಾನುವಾರ ಮಧ್ಯಾಹ್ನ 2:15

ವರದಿ ಒಪ್ಪಿಸುತ್ತಿದ್ದೇನೆ.

ಈ ಸಲ ಆರು ಜನ. ಇಬ್ಬರು ಬರಲೇ ಇಲ್ಲ, ಮನೆಯಲ್ಲಿ ಬಿಡಲಿಲ್ಲವಂತೆ. ಹಗ್ಗ 45 ಅಡಿಗೆ ಇಳಿಸಿದೆ. ಈಜುಕೊಳದ ಮಕ್ಕಳ ಹೆಲ್ಮೆಟ್ ಒಂದೆರಡು ಸಿಕ್ಕಿತು. ಏರಿ ಪಕ್ಕದ ಹುಲ್ಲಿನ ಮೇಲೆ ಹಗ್ಗ ಹಿಡಿದು ಎಳೆಯುತ್ತಿದ್ದರೆ ದನ ಕಾಯುವ ಅಜ್ಜ ಒಬ್ಬರು ಬಂದು ಪಕ್ಕದಲ್ಲೇ ಕೂತರು. ಅರ್ಧ ಗಂಟೆ ನೋಡಿದರು. ಕೊನೆಗೆ "ಯಾರಿಗೆ ಕಾಲು ಬಿದ್ದೋಗಿರೋದು?" ಅಂತ ಕೇಳಿದರು.

ನೀರಿಗೆ ಇಳಿದ ಮೇಲೆ ನಾನು ಒಂದೇ ಮಾತು ಇಟ್ಟುಕೊಂಡೆ: "ಕೂತಿರು." ಮೊದಲ ಇಬ್ಬರು ಎರಡೆರಡು ಸಲ ಬಿದ್ದರು. ಮೂರನೆಯವಳು ಅಕ್ಕನ ಮಗಳು. ಮೊದಲ ಸಲ ಬಿದ್ದಳು. ಎರಡನೇ ಸಲ ಹಗ್ಗ ಬಿಗಿಯಾಯಿತು, ಬೋಟು ಏರುತ್ತಾ ಹೋಯಿತು, ಅವಳು ಮುದ್ದೆ ಥರ ಉಂಡೆಯಾಗಿ ಕೂತೇ ಇದ್ದಳು. ಮುಖದ ಎರಡು ಕಡೆ ನೀರು ಸೀಳಿಕೊಂಡು ಹೋಗುತ್ತಿತ್ತು, ಕಣ್ಣು ಗಟ್ಟಿಯಾಗಿ ಮುಚ್ಚಿದ್ದಳು. ಆಮೇಲೆ ಹಲಗೆಯ ಮೂತಿ ನೀರಿನಿಂದ ಪಟ್ ಅಂತ ಹೊರಗೆ ಬಂತು. ನೀರಿನ ಸದ್ದು ಬದಲಾಯಿತು. ಹಲಗೆ ತಾನಾಗಿ ಮುಂದಕ್ಕೆ ತಿರುಗಿತು, ಅವಳು ಅದರ ಮೇಲೆ ಇನ್ನೂ ಕುಕ್ಕರಗಾಲಲ್ಲೇ ಇದ್ದಳು. ಕೂತೇ ಇಪ್ಪತ್ತು ಮೀಟರ್ ಬಂದಳು. ನಾನು ಹೇಳಲೇ ಇಲ್ಲ, ತಾನೇ ಕಣ್ಣು ಬಿಟ್ಟು ನಿಧಾನಕ್ಕೆ ಎದ್ದಳು. ಏಳೆಂಟು ಸೆಕೆಂಡು. ಆಮೇಲೆ ಖುಷಿಗೆ ಒಂದು ಕೈ ಎತ್ತಿ ಹೆಬ್ಬೆರಳು ತೋರಿಸಿದಳು, ಡ್ರೈವರು ಸ್ಪೀಡು ಏರಿಸಿದ.

ಬನ್ನೂರು ಕುರಿ · 2:17

ಹೇಳಿರಲಿಲ್ವಾ ನಾನು!

ನೀರುಕೋಳಿ · 2:21

ಒಟ್ಟು ಆರಕ್ಕೆ ಮೂರು ಜನ ನಿಂತರು. ಕಾಫಿ ಲೋಟ ಎಲ್ಲರೂ ತಾವೇ ಹಿಡಿದರು. ಆದರೆ ಹೊಸ ತೊಂದರೆ. ನಿಂತ ಮೇಲೆ ಸ್ವಲ್ಪ ದೂರ ಹೋಗಿ ಇದ್ದಕ್ಕಿದ್ದಂತೆ ಮುಖ ಅಡಿಯಾಗಿ ಬೀಳುತ್ತಾರೆ. ಯಾರೋ ಕಾಲು ಎಳೆದ ಹಾಗೆ.

ಹಗ್ಗದ ತುದಿ · 2:50

ಅಭಿನಂದನೆ! ಆರಕ್ಕೆ ಮೂರು ಅಂದರೆ ಎರಡನೇ ದಿನಕ್ಕೆ ತುಂಬಾ ಚೆನ್ನಾಯಿತು. ಅದು ಅಂಚು ಸಿಕ್ಕಿಕೊಳ್ಳೋದು. ಹಲಗೆಯ ಬೆರಳು ಕಡೆಯ ಅಂಚು ನೀರಿಗೆ ಇಳಿದರೆ ಹಾಗೆ ಮಗುಚುತ್ತದೆ. ಹಿಡಿಯನ್ನು ಎದೆ ಎತ್ತರಕ್ಕೆ ಎತ್ತಿರುತ್ತಾರೆ, ನೋಡಿ. ಹಿಡಿ ಮುಂದಿನ ಕಾಲಿನ ಸೊಂಟದ ಹತ್ತಿರ, ಕೆಳಗೆ ಇರಬೇಕು. ಭಾರ ಸ್ವಲ್ಪ ಹಿಮ್ಮಡಿ ಕಡೆ. ಸದ್ಯಕ್ಕೆ ಎರಡು ಅಲೆಗಳ ಮಧ್ಯೆ ನೇರವಾಗಿ ಬಂದರೆ ಸಾಕು, ತಿರುಗೋದು ಆಮೇಲೆ.

ನೀರುಕೋಳಿ · 2:58

ಇನ್ನೊಂದು ಸಣ್ಣದು. ಬೂಟಿಗೆ ಕಾಲು ಹೋಗೋದೇ ಇಲ್ಲ. ಒಬ್ಬೊಬ್ಬರಿಗೆ ಹತ್ತು ನಿಮಿಷ.

ಹಗ್ಗದ ತುದಿ · 3:04

ಬೂಟು ನೆನೆಸಿ, ಕಾಲಿಗೆ ಒಂದೆರಡು ಹನಿ ಮಕ್ಕಳ ಶಾಂಪೂ ನೀರಿನಲ್ಲಿ ಕಲಸಿ ಹಚ್ಚಿ. ಜಾಸ್ತಿ ಬೇಡ, ಕೆರೆಗೆ ಹೋಗುತ್ತದೆ.

ಮಂಡಿನೋವು 47 · 3:30

ಕುಕ್ಕರಗಾಲು ಏಳಕ್ಕೆ ಬಂದಿದೆ. ಇನ್ನು ಮೂರು ಬಾಕಿ.

ಸರಸ್ವತಿಪುರಂ ಶಾಂತಕ್ಕ · 4:10

ನಾನು ನೋಡೋಕೆ ಬರಬಹುದಾ? ನೀರಿಗೆ ಇಳಿಯೋದಿಲ್ಲ. ಜಾಕೆಟ್ಟಿನ ಬಕಲ್ ಮಾತ್ರ ಒಂದೊಂದೇ ನೋಡುತ್ತೇನೆ.

ನೀರುಕೋಳಿ · 4:16

ಬನ್ನಿ ಅಕ್ಕ. ಮುಂದಿನ ಭಾನುವಾರ ಆರೂವರೆಗೆ. ಒಂಬತ್ತಾದ ಮೇಲೆ ಗಾಳಿ ಎದ್ದು ನೀರು ಕದಡುತ್ತದೆ, ಅಷ್ಟರಲ್ಲಿ ಮುಗಿಸಬೇಕು.